ಕರೆದ ಹಾಲೂ ಅರೆದ ಹಾಲೂ: ನಾನಾ ದೇಶಗಳ ಬಳಕೆದಾರರ ಭಾವನೆ

ಈಚಿನ ಕೆಲವು ವರ್ಷಗಳಿಂದ ಬೆಂಗಳೂರು, ಮೈಸೂರು ಮೊದಲಾದ ಪಟ್ಟಣಗಳ ಅಂಗಡಿಗಳಲ್ಲಿ ಸೋಯಾ ಅವರೆ, ಬಾದಾಮಿ, ಓಟ್ಸ್ ಎಂಬ ಶೀತಪ್ರದೇಶದ ಧಾನ್ಯ ಇವುಗಳನ್ನು ಅರೆದು ಹಿಂಡಿ ತಯಾರಿಸಿದ ಬಿಳಿಯ ಪಾನೀಯಗಳು ಕಾಗದದ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಇವು ಹಾಲಿಗೆ ಬದಲಾಗಿ ಕಾಫಿಗೂ ಇತರ ಬಳಕೆಗೂ ಒದಗುವುವೆಂದು ಮಾರುವವರು ಸಾರುತ್ತಿದ್ದಾರೆ. ದಿನಕ್ಕೆ ಎರಡು ಹೊತ್ತು ಸಹಕಾರ ಸಂಘಕ್ಕೆ ಹಾಲು ಹಾಕಿ ಸಂಸಾರ ಸಾಗಿಸುವ ಗ್ರಾಮಗಳಲ್ಲಿ, ಇವುಗಳ ದೆಸೆಯಿಂದ ಹಸು ಎಮ್ಮೆಗಳ ಹಾಲಿಗೆ ಗಿರಾಕಿ ತಗ್ಗೀತೇ ಎಂಬ ಶಂಕೆ ಹುಟ್ಟುವುದು ಸಹಜ. ಬೀದರ್, ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಸೋಯಾ ಬೆಳೆಯುವ ಜಮೀನುದಾರರಿಗಾದರೋ ಇದೇ ಸಂಗತಿಯಿಂದ ಹೊಸ ಪೇಟೆಯ ಆಸೆಯುಂಟಾಗಬಹುದು. ಶಂಕೆಗೂ ಆಸೆಗೂ ಎಷ್ಟರ ಮಟ್ಟಿಗೆ ಆಧಾರವುಂಟೆಂದು ತಿಳಿಯಬೇಕಾದರೆ, ಹಾಲಿನಲ್ಲಿ ಏನಿದೆಯೆಂಬುದನ್ನು ಮಾತ್ರವಲ್ಲದೆ, ಕೊಳ್ಳುವವನು ಅದನ್ನು ಏನೆಂದು ಭಾವಿಸಿರುವನೆಂಬುದನ್ನೂ ವಿಚಾರಿಸಬೇಕು. ಈ ಭಾವನೆಯು ದೇಶದಿಂದ ದೇಶಕ್ಕೆ ಬಹಳ ಭಿನ್ನವಾಗಿರುತ್ತದೆ.

ಅರೆದ ಹಾಲು ನಮ್ಮವರಿಗೆ ಹೊಸ ವಸ್ತುವಲ್ಲ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ತೆಂಗಿನಕಾಯಿಯ ಹಾಲಿಲ್ಲದೆ ಪಾಯಸವಿಲ್ಲ. ಬಯಲುಸೀಮೆಯಲ್ಲಿ ರಾಗಿಯನ್ನೋ ಗೋಧಿಯನ್ನೋ ನೆನೆಯಿಟ್ಟು ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲಿನಿಂದ ಹಾಲುಬಾಯಿ ಮಾಡುವರು. ಉತ್ತರ ಕರ್ನಾಟಕದಲ್ಲಿ ಕುಸುಬೆಯ ಹಾಲು ಹಿಂಡಿ ಹುಗ್ಗಿ ಮಾಡುವ ರೂಢಿಯುಂಟು. ಪೈರಿನ ತೆನೆಯಲ್ಲಿ ಹಾಲು ತುಂಬುವುದೆಂದು ರೈತನು ಹೇಳುವನು. ಎಕ್ಕದ ಗಿಡದಿಂದಲೂ ಕಳ್ಳಿಯಿಂದಲೂ ಒಸರುವುದಕ್ಕೂ ಹಾಲೆಂದೇ ಹೆಸರು. ಹೀಗಿದ್ದಾಗ್ಯೂ, ಬಂದ ನೆಂಟರಿಗೆ ಒಂದು ಲೋಟ ಹಾಲು ಕೊಡಿರೆಂದು ಹೇಳಿದರೆ ಯಾವ ಮನೆಯಲ್ಲಿಯೂ ಕಾಯಿಯ ಹಾಲನ್ನು ತಂದು ಕೊಡುವುದಿಲ್ಲ. ಬರಿಯ ಹಾಲೆಂದರೆ ಕೆಚ್ಚಲಿನಿಂದ ಕರೆದುದು; ಮಿಕ್ಕವೆಲ್ಲವೂ ತಮ್ಮ ತಮ್ಮ ಹೆಸರನ್ನು ಮುಂದಿಟ್ಟುಕೊಂಡೇ ಹಾಲೆನ್ನಿಸಿಕೊಳ್ಳುವುವು. ಪರದೇಶಗಳಲ್ಲಿ ನ್ಯಾಯಸ್ಥಾನಗಳವರೆಗೂ ಹೋದ ಒಂದು ವ್ಯಾಜ್ಯವನ್ನು ನಮ್ಮ ಹೆಂಗಸರು ಅಡಿಗೆಯ ಮನೆಯಲ್ಲಿಯೇ ಎಂದೋ ತೀರ್ಮಾನ ಮಾಡಿರುವರೆಂದು ಹೇಳಬಹುದು.

ಇವುಗಳ ಸತ್ತ್ವದ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹಸುವಿನ ಹಾಲಿನಲ್ಲಿ ನೂರಕ್ಕೆ ೩ರಿಂದ ೩.೫ ಭಾಗದಷ್ಟು ಪ್ರೋಟೀನು, ಎಂದರೆ ಸಸಾರಜನಕವಿರುತ್ತದೆ. ಸೋಯಾ ಹಾಲಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇರುವುದು. ಓಟ್ಸಿನ ಹಾಲಿನಲ್ಲಿ ಸುಮಾರು ೧ ಭಾಗ ಮಾತ್ರ. ಪೇಟೆಯ ಬಾದಾಮಿ ಹಾಲಿನಲ್ಲಿಯೂ ಅಕ್ಕಿಯ ಹಾಲಿನಲ್ಲಿಯೂ ಇನ್ನೂ ಕಡಿಮೆ. ಸುಣ್ಣದ ಅಂಶವು ಹಸುವಿನ ಹಾಲಿನ ೧೦೦ ಗ್ರಾಮಿಗೆ ಸುಮಾರು ೧೨೦ ಮಿಲಿಗ್ರಾಮಿದ್ದರೆ, ಕಾಳು ಧಾನ್ಯಗಳ ಹಾಲಿಗೆ ಅದನ್ನು ಹೊರಗಿನಿಂದ ಕೂಡಿಸಿದ ಹೊರತು ಆ ಮಟ್ಟಕ್ಕೆ ಬರುವುದಿಲ್ಲ. ಇಷ್ಟನ್ನು ತಿಳಿದರೆ ಕೊಳ್ಳುವವರೆಲ್ಲರೂ ಒಂದೇ ನಿರ್ಣಯಕ್ಕೆ ಬರಬೇಕಾಗಿತ್ತು. ಆದರೆ ಲೋಕದಲ್ಲಿ ಹಾಗೆ ನಡೆದಿಲ್ಲ.

ಮೊದಲನೆಯ ಕಾರಣವು ಹೊಟ್ಟೆಗೆ ಸೇರಿದುದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯು ನೂರಕ್ಕೆ ಸುಮಾರು ೫ ಭಾಗದಷ್ಟಿರುತ್ತದೆ. ಇದನ್ನು ಅರಗಿಸತಕ್ಕ ಲ್ಯಾಕ್ಟೇಸ್ ಎಂಬ ಪಾಚಕವು ಎಳೆಯ ಮಕ್ಕಳೆಲ್ಲರ ಕರುಳಿನಲ್ಲಿಯೂ ಉಂಟಾಗುವುದಾದರೂ, ಪ್ರಪಂಚದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರಿಗೆ ಬೆಳೆದ ಮೇಲೆ ಅದು ಕಡಿಮೆಯಾಗುತ್ತದೆ. ಅಂಥವರು ಹಸಿಯ ಹಾಲನ್ನು ಹೆಚ್ಚಾಗಿ ಕುಡಿದರೆ ಹೊಟ್ಟೆಯುಬ್ಬರವೂ ಭೇದಿಯೂ ಆಗಬಹುದು. ಸ್ವೀಡನ್ ಮೊದಲಾದ ಉತ್ತರ ಯೂರೋಪಿನ ದೇಶಗಳಲ್ಲಿ ಈ ಪಾಚಕವು ಬಹುಪಾಲು ಜನರಿಗೆ ಆಯುಷ್ಯದುದ್ದಕ್ಕೂ ಉಳಿದಿರುವುದು. ಚೀನಾದಲ್ಲಿ ಬಹುಪಾಲು ಜನರಿಗೆ ಉಳಿಯುವುದಿಲ್ಲ. ಭಾರತದಲ್ಲಿ ವಾಯವ್ಯ ಭಾಗದವರಲ್ಲಿ ಹೆಚ್ಚಾಗಿಯೂ, ದಕ್ಷಿಣ ಮತ್ತು ಪೂರ್ವಕ್ಕೆ ಬರಬರುತ್ತ ಕಡಿಮೆಯಾಗಿಯೂ ಕಂಡುಬಂದಿದೆ. ನಮ್ಮವರು ಹಾಲನ್ನು ಹೆಪ್ಪು ಹಾಕಿ ಮೊಸರು ಮಜ್ಜಿಗೆಗಳಾಗಿಯೇ ಹೆಚ್ಚಾಗಿ ಬಳಸುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯಲ್ಲಿ ಒಂದು ಭಾಗವನ್ನು ಮೊದಲೇ ತಿಂದು ಮುಗಿಸಿರುತ್ತವೆ. ಆದರೆ ಹೊಟ್ಟೆಯೊಂದರಿಂದಲೇ ಎಲ್ಲವೂ ನಿಶ್ಚಯವಾಗುವುದೆಂದು ಹೇಳುವಂತಿಲ್ಲ. ಮಂಗೋಲಿಯಾದವರಲ್ಲಿ ಬಹುಮಂದಿಗೆ ಈ ಪಾಚಕವಿಲ್ಲದಿದ್ದರೂ, ಅವರು ಕುದುರೆಯ ಹಾಲನ್ನು ಹುಳಿಯಿಸಿ ಕುಡಿಯುವರು, ಹಾಲಿನ ಪದಾರ್ಥಗಳಿಂದಲೇ ಬೇಸಗೆಯನ್ನು ಕಳೆಯುವರು.

ಅದೇ ಮಂಗೋಲಿಯಾದ ನೆರೆಯಲ್ಲಿರುವ ಚೀನಾದ ಬೇಸಾಯಗಾರರ ರೀತಿಯು ಬೇರೆ. ಅಲ್ಲಿ ಎತ್ತು ಕೋಣಗಳು ಉಳುವುದಕ್ಕಾಗಿಯೇ ಇದ್ದುವು. ಹಾಲು ಕುಡಿಯುವುದು ಹುಲ್ಲುಗಾವಲಿನಲ್ಲಿ ಅಲೆಯುವ ಪಶುಪಾಲಕರ ಪದ್ಧತಿಯೆಂದು ಬಹುಮಟ್ಟಿಗೆ ಭಾವಿಸಲ್ಪಟ್ಟಿತ್ತು. ಅವರು ಚಹವನ್ನು ಹಾಲಿಲ್ಲದೆಯೇ ಕುಡಿಯುವರು. ಸೋಯಾ ಅವರೆಯನ್ನು ನೆನೆಯಿಸಿ ಅರೆದು ಸೋಸಿ ಕಾಯಿಸಿದ ದ್ರವಕ್ಕೆ ಅಲ್ಲಿ ದೌಜಿಯಾಂಗ್ ಎಂದು ಹೆಸರು. ಬೆಳಗಿನ ಹೊತ್ತು ಬೀದಿಯ ಅಂಗಡಿಗಳಲ್ಲಿ ಇದನ್ನು ಬಿಸಿಬಿಸಿಯಾಗಿ, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ತಿಂಡಿಯೊಡನೆ, ಕೆಲವರು ಸಕ್ಕರೆ ಹಾಕಿಕೊಂಡೂ ಕೆಲವರು ಉಪ್ಪು ಹಾಕಿಕೊಂಡೂ ಸೇವಿಸುವರು. ಮುಖ್ಯವಾಗಿ ಗಮನಿಸತಕ್ಕದ್ದೇನೆಂದರೆ, ದೌಜಿಯಾಂಗ್ ಎಂಬ ಶಬ್ದದಲ್ಲಿ ಹಾಲೆಂಬ ಅರ್ಥವೇ ಇಲ್ಲ. ಅವರೆಯ ಗಂಜಿ ಎಂದರೆ ಅದರ ಭಾವಕ್ಕೆ ಹತ್ತಿರವಾದೀತು. ಹಸುವಿನ ಹಾಲಿಗೆ ಬೇರೆಯೇ ಶಬ್ದವುಂಟು. ಆದುದರಿಂದ ಅಲ್ಲಿಯ ಸಾಮಾನ್ಯ ಮನುಷ್ಯನು ಅದನ್ನು ಹಾಲಿಗೆ ಬದಲೆಂದು ಕುಡಿಯುವವನಲ್ಲ. ನಮ್ಮವರು ರಾಗಿಯ ಅಂಬಲಿಯನ್ನು ಕುಡಿಯುವಂತೆ ಅವನು ಅದನ್ನು ಕುಡಿಯುವನು.

ಇದನ್ನು ಹಾಲಿನ ಸ್ಥಾನದಲ್ಲಿ ನಿಲ್ಲಿಸಿ ಮಾರಲು ಹೊರಟವರಲ್ಲಿ ಹಾಂಗ್‌ಕಾಂಗಿನ ಕೆ. ಎಸ್. ಲೋ ಎಂಬವರು ಪ್ರಸಿದ್ಧರು. ಯುದ್ಧದಿಂದ ಓಡಿಬಂದ ನಿರಾಶ್ರಿತರು ಪುಷ್ಟಿಯಿಲ್ಲದೆ ನರಳುತ್ತಿದ್ದುದನ್ನು ಕಂಡು, ಹಸುವಿನ ಹಾಲನ್ನು ಕೊಳ್ಳಲಾರದ ಬಡವರಿಗಾಗಿ ೧೯೪೦ರಲ್ಲಿ ಇವರು ವೀಟಾಸಾಯ್ ಎಂಬ ಸೋಯಾ ಹಾಲನ್ನು ಸೀಸೆಗಳಲ್ಲಿ ತುಂಬಿಸಿ, ಸೈಕಲ್ಲುಗಳ ಮೇಲೆ ಮನೆಮನೆಗೆ ಕಳುಹಿಸಿದರು. ಮೊದಲಿನಲ್ಲಿ ವ್ಯಾಪಾರವು ಬಹಳ ಕಷ್ಟವಾಯಿತು. ಬಡವನ ಹಾಲೆಂಬ ಹೆಸರು ಬಿದ್ದ ವಸ್ತುವನ್ನು ಬಡವನೂ ಸಂತೋಷದಿಂದ ಕೊಳ್ಳುವುದಿಲ್ಲವಷ್ಟೆ. ಜಪಾನೀಯರ ಆಕ್ರಮಣದಿಂದ ಕೆಲಸವು ನಿಂತುಹೋಗಿ, ಯುದ್ಧವು ಮುಗಿದ ಮೇಲೆ ಪುನಃ ಆರಂಭವಾಯಿತು. ಆ ಮೇಲೆ ಅದನ್ನು ಹಾಲಿನ ಸಾಲಿನಿಂದ ತೆಗೆದು, ಸೋಡಾ ಷರಬತ್ತುಗಳ ಸಾಲಿನಲ್ಲಿಟ್ಟು, ಪುಷ್ಟಿಯನ್ನೂ ಕೊಡುವ ತಂಪು ಪಾನೀಯವೆಂದು ಅಂಗಡಿಗಳಲ್ಲಿ ಮಾರಿದಾಗ ಅದು ಊರೆಲ್ಲ ಹಬ್ಬಿತು. ಒಳಗಿನ ವಸ್ತು ಸೋಯಾ ಅವರೆಯೇ ಆಗಿತ್ತು. ಕೊಳ್ಳುವವನು ಅದನ್ನು ನೋಡುವ ಬಗೆ ಮಾತ್ರ ಬೇರೆಯಾಯಿತು.

ಇದೇ ಚೀನಾದವರು ಈಚೆಗೆ ಹಸುವಿನ ಹಾಲಿನ ಕಡೆಗೂ ತಿರುಗಿದ್ದಾರೆ. ಮಕ್ಕಳು ಎತ್ತರವಾಗಿ ಬೆಳೆಯುವುದಕ್ಕೆ ಹಾಲು ಬೇಕೆಂಬ ಭಾವನೆಯು ಅಲ್ಲಿ ಬಲಗೊಂಡಿದೆ. ಚೀನೀಯರೆಲ್ಲರಿಗೂ, ಮುಖ್ಯವಾಗಿ ಮಕ್ಕಳಿಗೆ, ದಿನವೂ ಸಾಕಾದಷ್ಟು ಹಾಲು ದೊರೆಯಬೇಕೆಂಬುದು ತಮ್ಮ ಕನಸೆಂದು ಅಲ್ಲಿಯ ಪ್ರಧಾನಮಂತ್ರಿಗಳಾಗಿದ್ದ ವೆನ್ ಜಿಯಾಬಾವೋ ಅವರು ೨೦೦೬ರಲ್ಲಿ ಬರೆದರು. ಎರಡು ವರ್ಷಗಳೊಳಗೆ ಘೋರವಾದ ಅನಾಹುತವೊಂದು ಸಂಭವಿಸಿತು. ಹಾಲಿಗೆ ನೀರು ಬೆರೆಸಿ, ಪರೀಕ್ಷೆಯಲ್ಲಿ ಪ್ರೋಟೀನು ಕಡಿಮೆಯಾಗಿ ಕಾಣದಿರಲೆಂದು ಮೆಲಮೈನ್ ಎಂಬ ರಾಸಾಯನಿಕವನ್ನು ಸೇರಿಸಿದ್ದುದು ೨೦೦೮ರಲ್ಲಿ ಬಯಲಾಯಿತು. ಸುಮಾರು ೩ ಲಕ್ಷ ಮಕ್ಕಳು ಅಸ್ವಸ್ಥರಾದರು. ೬ ಶಿಶುಗಳು ಮೃತಪಟ್ಟುವು. ತಾಯಂದಿರು ಸ್ವದೇಶದ ಹಾಲಿನ ಪುಡಿಯನ್ನು ಮುಟ್ಟದಂತಾದರು. ಐದು ವರ್ಷಗಳು ಕಳೆದ ಮೇಲೆಯೂ ಹಾಂಗ್‌ಕಾಂಗಿಗೆ ಬಂದು ಪರದೇಶದ ಡಬ್ಬಿಗಳನ್ನು ಕೊಂಡೊಯ್ಯುವವರ ನೂಕುನುಗ್ಗಲು ಎಷ್ಟಿತ್ತೆಂದರೆ, ೨೦೧೩ರಲ್ಲಿ ಅಲ್ಲಿಯ ಸರ್ಕಾರದವರು ಒಬ್ಬೊಬ್ಬರು ಎರಡು ಡಬ್ಬಿಗಳಿಗಿಂತ ಹೆಚ್ಚಾಗಿ ಹೊರಕ್ಕೆ ಒಯ್ಯಕೂಡದೆಂದು ಕಟ್ಟು ಮಾಡಬೇಕಾಯಿತು. ಹಾಲಿನ ಗಿರಾಕಿಯನ್ನು ಕೆಡಿಸುವುದರಲ್ಲಿ ಯಾವ ಕಾಳಿನ ಹಾಲೂ ಈ ಒಂದು ಕೃತ್ಯಕ್ಕೆ ಸಮನಾಗಲಾರದು. ನಮ್ಮ ಹಾಲಿನ ಸಂಘಗಳ ಆಡಳಿತದಲ್ಲಿರುವ ಮುಖಂಡರು ಇದನ್ನು ಮನಸ್ಸಿನಲ್ಲಿಡುವುದು ಅವಶ್ಯಕ.

ಎರಡನೆಯ ಕಾರಣವು ವ್ರತನಿಯಮಗಳಿಗೆ ಸೇರಿದುದು. ಇದು ನಮ್ಮವರಿಗೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಏಕಾದಶಿಯೇ ಮೊದಲಾದ ಉಪವಾಸದ ದಿನಗಳಲ್ಲಿ ಅನ್ನವನ್ನು ಬಿಟ್ಟವರು ಹಾಲು ಹಣ್ಣುಗಳನ್ನು ತೆಗೆದುಕೊಳ್ಳುವರು. ಹಾಲು ಪರಿಶುದ್ಧ, ಅಭಿಷೇಕಕ್ಕೆ ಯೋಗ್ಯ. ಕ್ರೈಸ್ತರ ಹಳೆಯ ನಿಯಮದಲ್ಲಾದರೋ ಹಾಲು ಪ್ರಾಣಿಜನ್ಯವಾದುದರಿಂದ ಉಪವಾಸಕ್ಕೆ ನಿಷಿದ್ಧ. ಈ ಕಾರಣದಿಂದಲೇ ಮಧ್ಯಯುಗದ ಯೂರೋಪಿನ ಧನಿಕರ ಅಡಿಗೆಮನೆಗಳಲ್ಲಿ ಬಾದಾಮಿಯನ್ನು ಅರೆದು ಹಿಂಡಿದ ಹಾಲು ಹೇರಳವಾಗಿ ವೆಚ್ಚವಾಗುತ್ತಿತ್ತು. ಇಥಿಯೋಪಿಯಾದಲ್ಲಿ ಈ ನಿಯಮವು ಇಂದಿಗೂ ಜೀವಂತವಾಗಿದೆ. ಅಲ್ಲಿಯ ಸನಾತನ ಕ್ರೈಸ್ತಸಭೆಯ ಶ್ರದ್ಧಾವಂತರು ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರ್ ಹಬ್ಬಕ್ಕೆ ಮುಂಚೆ ೫೫ ದಿನಗಳ ಕಾಲವೂ ಹಾಲು ಬೆಣ್ಣೆಗಳನ್ನು ಮುಟ್ಟುವುದಿಲ್ಲ. ಇತರ ವ್ರತಗಳನ್ನೂ ಸೇರಿಸಿದರೆ ವರ್ಷದಲ್ಲಿ ಸುಮಾರು ಅರ್ಧ ಭಾಗವು ಹೀಗೆ ಕಳೆಯುವುದು. ಹಸುವಿಗಾದರೋ ವ್ರತವಿಲ್ಲ, ಅದು ಎಂದಿನಂತೆ ಹಾಲು ಕೊಡುತ್ತಲೇ ಇರುವುದು. ಆ ಕಾಲದಲ್ಲಿ ರಾಜಧಾನಿಯ ಸುತ್ತಮುತ್ತಲಿನ ಹಾಲಿನ ಸಂಘಗಳು ಕೊಳ್ಳುವವರಿಲ್ಲದೆ ಹಾಲನ್ನು ಬೆಣ್ಣೆಗೂ ಗಿಣ್ಣಿಗೂ ತಿರುಗಿಸಿ ನಷ್ಟವನ್ನು ತಡೆಯಲು ಕಷ್ಟಪಡುವುವು. ಅದೇ ದಿನಗಳಲ್ಲಿ ಅಲ್ಲಿಯ ಮನೆಗಳಲ್ಲಿ ಕುಸುಬೆಯ ಬೀಜವನ್ನು ಅರೆದು ಹಾಲು ಹಿಂಡುವರು. ವಿಜಯಪುರದ ಕಡೆಯ ರೈತನಿಗೆ ಚೆನ್ನಾಗಿ ಗೊತ್ತಿರುವ ಅದೇ ಕುಸುಬೆ, ಅದೇ ರೀತಿ! ನಮ್ಮಲ್ಲಿ ಹಬ್ಬದೂಟದ ಹುಗ್ಗಿಗೆ ಬಂದುದು ಅಲ್ಲಿ ಉಪವಾಸದ ಆಹಾರವಾಗಿದೆ.

ಮೂರನೆಯ ಕಾರಣವು ಹೊಸದು. ಇದಕ್ಕೆ ಸ್ವೀಡನ್ ದೇಶವು ತಕ್ಕ ನಿದರ್ಶನ. ಅಲ್ಲಿಯವರು ತಣ್ಣನೆಯ ಹಾಲನ್ನು ಊಟದೊಡನೆ ನೀರಿನಂತೆ ಕುಡಿಯುವ ಜನ. ಹಾಲು ಅವರ ಹೊಟ್ಟೆಗೆ ಒಗ್ಗುವುದು, ಅವರ ಮತಕ್ಕೂ ಈಗ ವಿರುದ್ಧವಲ್ಲ. ಆದರೂ ಓಟ್ಸಿನ ಹಾಲು ಹುಟ್ಟಿದ್ದು ಆ ದೇಶದಲ್ಲಿಯೇ. ಲುಂಡ್ ವಿಶ್ವವಿದ್ಯಾನಿಲಯದ ರಿಕಾರ್ಡ್ ಊಸ್ಟೆ ಎಂಬ ವಿಜ್ಞಾನಿಯು ಓಟ್ಸಿನ ಪಿಷ್ಟವನ್ನು ಕಿಣ್ವಗಳಿಂದ ಒಡೆಯಿಸಿ ದ್ರವವಾಗಿ ಮಾಡುವ ಕ್ರಮವನ್ನು ೧೯೯೦ರ ದಶಕದ ಆರಂಭದಲ್ಲಿ ಕಂಡುಹಿಡಿದನು. ಇದನ್ನು ಮಾರುವ ಓಟ್ಲಿ ಎಂಬ ಕಂಪೆನಿಯವರು, ತಮ್ಮದು ಹಾಲಿನಂತೆಯೇ ಇದ್ದು ಮನುಷ್ಯರಿಗಾಗಿ ಮಾಡಿದುದೆಂದು ಜಾಹೀರಾತು ಹೊರಡಿಸಲು, ಹಾಲು ಉತ್ಪಾದಕರ ಸಂಸ್ಥೆಯವರು ೨೦೧೪ರಲ್ಲಿ ದಾವೆ ಹೂಡಿ, ೨೦೧೫ರಲ್ಲಿ ಗೆದ್ದರು. ಗೆದ್ದುದರ ಫಲ ಮಾತ್ರ ವಿಪರೀತವಾಯಿತು: ಸೋತ ಕಂಪೆನಿಯು ದಾವೆಯ ಕಾಗದಗಳನ್ನೇ ಪ್ರಕಟಿಸಿ, ಅದುವರೆಗೆ ಅದರ ಹೆಸರನ್ನು ಕೇಳದಿದ್ದವರಿಗೂ ಪರಿಚಿತವಾಯಿತು.

ಅಲ್ಲಿಯ ಯುವಕರು ಹಸುವಿನ ಹಾಲನ್ನು ಬಿಡುವುದಕ್ಕೆ ಕೊಡುವ ಕಾರಣಗಳಲ್ಲಿ ಪಶುಗಳ ಮೇಲಿನ ಕನಿಕರವೂ, ವಾಯುಮಂಡಲವು ಬಿಸಿಯಾಗುತ್ತಿರುವುದೆಂಬ ಚಿಂತೆಯೂ ಮುಖ್ಯವಾದುವು. ೨೦೧೮ರಲ್ಲಿ ಪ್ರಕಟವಾದ ಪೂರ್ ಮತ್ತು ನೆಮೆಚೆಕ್ ಎಂಬವರ ಗಣನೆಯಂತೆ, ಪ್ರಪಂಚದ ಸರಾಸರಿಯಲ್ಲಿ ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು ೩.೨ ಕಿಲೋಗ್ರಾಮಿನಷ್ಟೂ, ಓಟ್ಸಿನ ಹಾಲಿಗೆ ಸುಮಾರು ೦.೯ ಕಿಲೋಗ್ರಾಮಿನಷ್ಟೂ ಇಂಗಾಲಾಮ್ಲಕ್ಕೆ ಸಮನಾದ ಅನಿಲಗಳು ಹೊರಬೀಳುತ್ತವೆ. ಈ ಲೆಕ್ಕವನ್ನು ನಮ್ಮವರು ಅಲಕ್ಷ್ಯ ಮಾಡುವುದು ಸರಿಯಲ್ಲ. ನಮ್ಮ ರಾಸುಗಳು ಹುಲ್ಲು ಸೊಪ್ಪೆಗಳನ್ನು ತಿಂದು ಗೊಬ್ಬರವನ್ನೂ ಕೊಡುವುವೆಂಬುದು ನಿಜವೇ. ಆದರೆ ದಿನಕ್ಕೆ ಎರಡು ಲೀಟರ್ ಮಾತ್ರ ಕರೆಯುವ ಹಸುವಿನ ಪ್ರತಿಯೊಂದು ಲೀಟರಿನ ಮೇಲೆಯೂ ಈ ಭಾರವು ಹೆಚ್ಚಾಗಿಯೇ ಬೀಳುವುದು. ಬರಡು ರಾಸುಗಳ ಸಂಖ್ಯೆಯನ್ನು ಹೆಚ್ಚಿಸುವುದನ್ನು ಬಿಟ್ಟು, ಹಸಿರು ಮೇವು ಬೆಳೆದು ಇದ್ದ ಹಸುವಿನ ಇಳುವರಿಯನ್ನು ಹೆಚ್ಚಿಸುವುದೇ ಇದಕ್ಕೆ ತಕ್ಕ ಉತ್ತರ. ಓಟ್ಸ್ ಕೂಡ ನಮ್ಮ ದೇಶದಲ್ಲಿ ಹೆಚ್ಚಾಗಿ ದನದ ಮೇವಿಗೆಂದೇ ಬಿತ್ತನೆಯಾಗುವ ಪೈರು.

ಹೆಸರಿನ ವ್ಯಾಜ್ಯವನ್ನು ಕುರಿತು ಎರಡು ಮಾತು ಸಾಕು. ಯೂರೋಪಿನ ಒಕ್ಕೂಟದ ಉಚ್ಚ ನ್ಯಾಯಸ್ಥಾನವು ೨೦೧೭ರಲ್ಲಿ, ಸಸ್ಯಜನ್ಯ ಪದಾರ್ಥಗಳನ್ನು ಹಾಲು, ಬೆಣ್ಣೆ ಎಂಬ ಹೆಸರುಗಳಿಂದ ಮಾರಕೂಡದೆಂದು ತೀರ್ಪಿತ್ತಿತು. ಬಹುಕಾಲದ ರೂಢಿಯಿರುವ ತೆಂಗಿನ ಹಾಲು ಮುಂತಾದ ಕೆಲವಕ್ಕೆ ವಿನಾಯಿತಿಯುಂಟು. ಅಮೆರಿಕಾದ ಆಹಾರ ಇಲಾಖೆಯವರು ೨೦೨೩ರ ಕರಡಿನಲ್ಲಿ, ಸೋಯಾ ಹಾಲು ಎಂಬಂತೆ ಮೂಲವಸ್ತುವಿನ ಹೆಸರು ಸೇರಿಸಿ ಹಾಲೆನ್ನಬಹುದೆಂದೂ, ಸತ್ತ್ವದಲ್ಲಿ ಹಾಲಿಗಿಂತ ಹೇಗೆ ಭಿನ್ನವೆಂಬುದನ್ನು ಮೇಲೆ ನಮೂದಿಸುವುದು ಮೇಲೆಂದೂ ಹೇಳಿದರು. ಭಾರತದ ನಿಬಂಧನೆಯು ಯೂರೋಪಿನದನ್ನು ಹೋಲುವುದು. ೨೦೨೧ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದವರು, ಹಾಲೆಂಬ ಹೆಸರಿನ ಸಸ್ಯಪಾನೀಯಗಳನ್ನು ಪಟ್ಟಿಯಿಂದ ತೆಗೆಯುವಂತೆ ಅಂತರ್ಜಾಲದ ವ್ಯಾಪಾರಿಗಳಿಗೆ ಆಜ್ಞೆ ಮಾಡಲು, ಕೆಲವು ತಯಾರಕರು ದೆಹಲಿಯ ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು.

ನಮ್ಮ ಸೀಮೆಯಲ್ಲಿಯೂ ಈ ವಿಷಯದಲ್ಲಿ ಹಿಂದೆಯೇ ವಿಚಾರ ನಡೆದಿರುವುದು. ಮಹಾತ್ಮಾ ಗಾಂಧಿಯವರು ೧೯೧೨ರಲ್ಲಿ ಹಾಲನ್ನು ಬಿಟ್ಟು, ಮುಂದೆ ಪ್ರಾಣಾಪಾಯದ ರೋಗ ಬಂದಾಗ ಕಸ್ತೂರಬಾ ಅವರ ಸಲಹೆಯಂತೆ ಆಡಿನ ಹಾಲನ್ನು ಒಪ್ಪಿಕೊಂಡರು. ಹಾಲಿಗೆ ಸಮನಾದ ಸಸ್ಯಾಹಾರವೊಂದು ದೊರೆಯಬೇಕೆಂಬುದು ಅವರ ಹಂಬಲವಾಗಿಯೇ ಉಳಿಯಿತು. ಹಾಲಿನ ವಿಷಯದಲ್ಲಿ ಇಷ್ಟು ಸಂಕೋಚವುಳ್ಳವರೇ ೧೯೨೭ರಲ್ಲಿ ಬೆಂಗಳೂರಿನ ಇಂಪೀರಿಯಲ್ ಡೇರಿಗೆ ಹೋಗಿ ಗೋಪಾಲನೆಯನ್ನು ಅಭ್ಯಾಸ ಮಾಡಿದುದು ಸ್ಮರಣೀಯವಾಗಿದೆ. ಅನಂತರ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸೋಯಾ ಹಾಲಿನ ಪ್ರಯೋಗಗಳು ನಡೆದುವು. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ನೆಲಗಡಲೆಯಿಂದ ಬೇರ್ಪಡಿಸಿದ ಪ್ರೋಟೀನನ್ನು ಎಮ್ಮೆಯ ಹಾಲಿಗೆ ಕೂಡಿಸಿ, ಒಂದು ಪಾಲು ಹಾಲನ್ನು ಹೆಚ್ಚು ಮಕ್ಕಳಿಗೆ ಒದಗಿಸುವ ಮಿಲ್ಟೋನ್ ಎಂಬ ಪಾನೀಯವನ್ನು ಸಿದ್ಧಪಡಿಸಿದರು. ೧೯೭೦ರ ದಶಕದಲ್ಲಿ ಅದು ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು. ಹಾಲಿನ ಅಭಾವದ ಕಾಲಕ್ಕೆ ಅದು ಬಹಳ ಬುದ್ಧಿವಂತಿಕೆಯ ಉಪಾಯ. ಆದರೆ ೧೯೭೦ರಲ್ಲಿ ಮೊದಲಾದ ಕ್ಷೀರಧಾರೆಯ ಯೋಜನೆಯಿಂದಲೂ, ೧೯೭೪ರಿಂದೀಚೆಗೆ ಕರ್ನಾಟಕದಲ್ಲಿ ಹಬ್ಬಿದ ಹಾಲು ಸಂಘಗಳಿಂದಲೂ ಹಾಲೇ ಹೇರಳವಾಗಿ ದೊರೆಯತೊಡಗಲು, ಬದಲಿ ವಸ್ತುವನ್ನು ಹುಡುಕುವ ಕಾರಣವೇ ಇಲ್ಲದಂತಾಯಿತು. ೨೦೨೩–೨೪ರಲ್ಲಿ ದೇಶದ ಹಾಲಿನ ಉತ್ಪತ್ತಿಯು ಸುಮಾರು ೨೪ ಕೋಟಿ ಟನ್ನುಗಳಷ್ಟಿತ್ತು. ಕೆನೆಗಟ್ಟದ ಹಾಲನ್ನು ಹಾಲೆಂದೇ ಒಪ್ಪದ, ಗಟ್ಟಿಮೊಸರಿಲ್ಲದೆ ಊಟ ಮುಗಿಸದ ಮನೆಗಳಲ್ಲಿ ಓಟ್ಸಿನ ಪಾನೀಯವು ಹಾಲಿನ ಪಾತ್ರೆಯನ್ನು ಕದಲಿಸೀತೆಂದು ಭಯಪಡಲು ಈಗ ಆಧಾರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗ್ರಾಮದ ಹಿರಿಯರು ಎಚ್ಚರಿಕೆ ಹೇಳತಕ್ಕದ್ದಿದೆ. ಹೆಸರು ಒಂದೇ ಆದುದರಿಂದ ಗುಣವೂ ಒಂದೇ ಎಂದು ತಿಳಿದು, ಎಳೆಯ ಮಕ್ಕಳಿಗೆ ಈ ಪಾನೀಯಗಳನ್ನೇ ಮುಖ್ಯ ಆಹಾರವಾಗಿ ಕೊಡಕೂಡದು. ಅಮೆರಿಕಾದ ವೈದ್ಯರು ೨೦೦೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ವರ್ಷ ತುಂಬದ ಒಂದು ಮಗುವು ಮುಖ್ಯವಾಗಿ ಅಕ್ಕಿಯ ಪಾನೀಯವನ್ನೇ ಕುಡಿದು ಪ್ರೋಟೀನಿನ ಕೊರತೆಯಿಂದ ಮೈ ಊದಿಕೊಂಡುದೂ, ಸೋಯಾ ಪಾನೀಯದಲ್ಲಿ ಬೆಳೆದ ಇನ್ನೊಂದು ಮಗುವಿಗೆ ಮೂಳೆ ಮೆತ್ತಗಾದುದೂ ವಿವರಿಸಲ್ಪಟ್ಟಿವೆ. ಎರಡೂ ಮನೆಯವರು ವಿದ್ಯಾವಂತರು, ಅಂಗಡಿಯ ಮಾಲನ್ನೇ ಕೊಂಡವರು. ಹಸಿವಿನಿಂದ ಬಂದ ರೋಗವಲ್ಲ. ಆರು ತಿಂಗಳವರೆಗೆ ಶಿಶುವಿಗೆ ತಾಯಿಯ ಹಾಲೊಂದೇ ಸಾಕು, ಆ ಮೇಲೆ ಬದಲಾಯಿಸಬೇಕಾದರೆ ವೈದ್ಯರನ್ನು ಕೇಳಿಯೇ ಬದಲಾಯಿಸತಕ್ಕದ್ದು.

ಇನ್ನು ಬೆಳೆಗಾರರ ಆಸೆಯ ವಿಚಾರ. ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತದಲ್ಲಿ, ನಮ್ಮ ಹೊಲಗಳಲ್ಲಿ ಕಾಟ ಕೊಡುವ ಜೇಕಿನ ಬಳಗಕ್ಕೆ ಸೇರಿದ ಒಂದು ಗಡ್ಡೆಯನ್ನು ಬೆಳೆದು, ಅರೆದು, ಸಿಹಿ ಹಾಕಿ, ತಂಪಾದ ಬಿಳಿಯ ಪಾನೀಯವನ್ನು ಮಾಡುವರು. ಅದಕ್ಕೆ ಓರ್ಚಾಟ ಎಂದು ಹೆಸರು. ಅದನ್ನು ಹಾಲಿಗೆ ಬದಲೆಂದು ಮಾರದೆ ಅದರ ಹೆಸರಿನಿಂದಲೇ ಮಾರುವರು. ಸೋಯಾ, ನೆಲಗಡಲೆ, ಕುಸುಬೆ, ತೆಂಗು ಇವುಗಳಿಂದ ಪಾನೀಯ ತಯಾರಿಸಿ ಮಾರಲು ಹೊರಡುವ ಸಂಘಗಳು ಈ ದಾರಿಯನ್ನು ಹಿಡಿಯುವುದು ಲೇಸು. ಹಾಲಿನ ಅಂಗಡಿಯಲ್ಲಿ ಹಾಲಿನ ಪಕ್ಕದಲ್ಲಿಟ್ಟರೆ ಅವು ಸೋಲುವುವು. ತಮ್ಮ ಹೆಸರಿನಿಂದ, ತಮ್ಮ ರುಚಿಗಾಗಿ ಮಾರಿದರೆ ಗಿರಾಕಿಯುಂಟು.

ಸೋಯಾದ ಹಸಿವಾಸನೆಯು ನಮ್ಮವರಿಗೆ ಹಿಡಿಸುವುದಿಲ್ಲವೆಂಬುದು ದೊಡ್ಡ ಆತಂಕ. ಈ ವಾಸನೆಯು ಕಾಳಿನಲ್ಲಿ ಮೊದಲೇ ಇರುವುದಲ್ಲ. ಕಾಳನ್ನು ತಣ್ಣೀರಿನಲ್ಲಿ ಅರೆದಾಗ ಅದರೊಳಗಿನ ಒಂದು ಕಿಣ್ವವು ಎಣ್ಣೆಯ ಅಂಶದ ಮೇಲೆ ಕೆಲಸ ಮಾಡುವುದರಿಂದ ಹುಟ್ಟುವುದು. ಕುದಿಯುವುದಕ್ಕೆ ಸಮೀಪವಾದ, ೮೦ ಡಿಗ್ರಿಗೆ ಮೇಲ್ಪಟ್ಟ ಬಿಸಿನೀರನ್ನು ಹಾಕಿಯೇ ಅರೆದರೆ ಆ ಕಿಣ್ವವು ಕೂಡಲೇ ನಷ್ಟವಾಗುತ್ತದೆ. ಅರೆದು ಸೋಸಿದ ಮೇಲೆ ಹಾಲನ್ನು ಚೆನ್ನಾಗಿ ಕುದಿಯಿಸದೆ ಕುಡಿಯಕೂಡದು. ಹಸಿಯ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಪದಾರ್ಥವಿರುವುದು. ಬಟ್ಟೆಯಲ್ಲಿ ಉಳಿದ ಚರಟದಲ್ಲಿ ಇನ್ನೂ ಸಾಕಷ್ಟು ಪ್ರೋಟೀನಿರುವುದರಿಂದ ಅದನ್ನು ಚೆಲ್ಲದೆ ಕರೆಯುವ ಹಸುವಿನ ಬಾನಿಗೆ ಹಾಕಬಹುದು. ಹಸಿಯ ಚರಟವು ಬೇಗ ಹುಳಿತುಹೋಗುವುದರಿಂದ ಅದೇ ದಿನ ತಿನ್ನಿಸತಕ್ಕದ್ದು.